ಹೆಣವೇ ಬಾಯಿಬಿಟ್ಟರೆ ಪತ್ತೇದಾರಿಗೆ ಏನು ಕೆಲಸ?

ನಮಸ್ಕಾರ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. 412 ಪುಟ, 38 ಅಧ್ಯಾಯ, ಐದು ಕೊಲೆ. ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೂ ಇಷ್ಟುದ್ದ ಬರೆಯುತ್ತಿದ್ದೇನೆ ಅಂದರೆ ಅದರಲ್ಲಿ ಏನೋ ಇದೆ ಅಂತ. ಏನೂ ಇಲ್ಲದಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಆ ಏನೋ ಇರುವುದು ನಾಲ್ಕನೇ ಅಧ್ಯಾಯದಲ್ಲಿ. ಸತ್ತು ಒಂದು ದಿನವಾದ ಮುದುಕನನ್ನು ನಿಮ್ಮ ನಾಯಕಿ ಎಬ್ಬಿಸುತ್ತಾಳೆ. ಕೊಂದವರು ಯಾರು ಅಂತ ಅವಳು ಕೇಳುವ ಮೊದಲೇ ಅವನು ಕೇಳುತ್ತಾನೆ: "ಒಲೆ ಆರಿಸಿದ್ರಾ?" ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಸತ್ತವನ ಬಾಯಿಂದ ಇಂಥ ಮಾತು ಹೊರಡಿಸಬಲ್ಲವರು ಮಿಕ್ಕ ಕಡೆ ಯಾಕೆ ಹೊಗೆ, ಮಿಂಚು, ಬಾವಲಿಗಳ ಹಿಂದೆ ಬಿದ್ದಿರಿ ಅಂತ ನನಗೆ ಸಿಟ್ಟೂ ಬಂತು.

ಮುಖ್ಯ ತೊಂದರೆಗೆ ಬರೋಣ. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಾರರಿಗೆ ಹತ್ತು ಕಟ್ಟಳೆ ಹಾಕಿದರು. ಅವರು ಪಾದ್ರಿಯೂ ಹೌದು, ಪತ್ತೇದಾರಿ ಕಾದಂಬರಿ ಬರೆದವರೂ ಹೌದು. ಅವರ ಎರಡನೇ ಕಟ್ಟಳೆಯ ಪ್ರಕಾರ ಇಂಥ ಕಥೆಯಲ್ಲಿ ಅತಿಮಾನುಷ ಶಕ್ತಿಗಳಿಗೆ ಜಾಗವೇ ಇಲ್ಲ. ಅದನ್ನು ನೀವು ಮುರಿದಿದ್ದೀರಿ. ಮುರಿಯಿರಿ, ನನ್ನ ತಕರಾರಿಲ್ಲ. ಆದರೆ ಅವರು ಅದನ್ನು ಯಾಕೆ ಹಾಕಿದರು ಅಂತ ಯೋಚಿಸಿ. ಓದುಗ ಲೇಖಕನ ಜೊತೆ ಆಟಕ್ಕೆ ಕೂತಿರುತ್ತಾನೆ. ಇಬ್ಬರ ಮುಂದೆಯೂ ಅದೇ ಸುಳಿವುಗಳು ಇರಬೇಕು. ಆಟದ ನಡುವೆ ನೀವು ಜೇಬಿನಿಂದ ಹೊಸ ಕಾಯಿ ತೆಗೆದಿಟ್ಟರೆ ಅವನು ಎದ್ದು ಹೋಗುತ್ತಾನೆ.

ನೀವು ಮಾಡಿರುವುದು ಅದನ್ನೇ. ಎರಡನೇ ಅಧ್ಯಾಯದಲ್ಲಿ ನಿಯಮಗಳನ್ನು ಚೆನ್ನಾಗಿಯೇ ಕಟ್ಟಿದ್ದೀರಿ. ಸತ್ತ ಮೂರು ರಾತ್ರಿಯೊಳಗೆ ಎಬ್ಬಿಸಬೇಕು. ಮೂರೇ ಪ್ರಶ್ನೆ. ಪ್ರತಿ ಪ್ರಶ್ನೆಗೂ ಅವಳದೊಂದು ನೆನಪು ಹೋಗುತ್ತದೆ. ಇಷ್ಟು ಬಿಗಿಯಾದ ಏರ್ಪಾಡು ಎಷ್ಟೋ ಪಳಗಿದ ಲೇಖಕರಿಗೂ ಹೊಳೆಯುವುದಿಲ್ಲ. ಆಮೇಲೆ 17ನೇ ಅಧ್ಯಾಯದಲ್ಲಿ ಹತ್ತು ವರ್ಷದ ಹಿಂದೆ ಸತ್ತವಳು ಎದ್ದು ಬರುತ್ತಾಳೆ. 31ನೇ ಅಧ್ಯಾಯದಲ್ಲಿ ನಾಯಕಿ ಒಂದೇ ಹೆಣಕ್ಕೆ ಹನ್ನೊಂದು ಪ್ರಶ್ನೆ ಕೇಳುತ್ತಾಳೆ (ಬೆರಳು ಮಡಿಚಿ ಎಣಿಸಿದೆ). ಕಳೆದುಹೋಗುವ ನೆನಪುಗಳಾದರೂ ಯಾವುವು? ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಂದು ಪದ್ಯ, ಯಾವುದೋ ಹಳೆಯ ಕೊಡೆಯ ಬಣ್ಣ. ಅದು ಹೋದರೆಷ್ಟು, ಬಿಟ್ಟರೆಷ್ಟು?

ನನಗೆ ಹೊಳೆದ ಒಂದು ದಾರಿ ಹೇಳುತ್ತೇನೆ, ಬೇಕಿದ್ದರೆ ತಗೊಳ್ಳಿ. ಅವಳು ಕಳೆದುಕೊಳ್ಳುವ ನೆನಪೇ ಈ ಕೊಲೆಯ ಸುಳಿವಾಗಲಿ. ಐದನೇ ಅಧ್ಯಾಯದಲ್ಲಿ ಅವಳು ಬಾಗಿಲ ಬಳಿ ಯಾರನ್ನೋ ನೋಡಿರುತ್ತಾಳೆ. ಓದುಗನೂ ನೋಡಿರುತ್ತಾನೆ. ಒಂಬತ್ತನೆಯದರಲ್ಲಿ ಹೆಣಕ್ಕೆ ಮೂರನೇ ಪ್ರಶ್ನೆ ಕೇಳಿದಾಗ ಆ ನೆನಪೇ ಅಳಿಸಿಹೋಗುತ್ತದೆ. ಮುಂದೆ ಅವಳು ಅದೇ ಮನುಷ್ಯನ ಜೊತೆ ನಗುತ್ತಾ ಮಾತಾಡುವಾಗ ಓದುಗನ ಜೀವ ಬಾಯಿಗೆ ಬರುತ್ತದೆ. ಅದಕ್ಕೆ ಒಂದು ಬಾವಲಿಯೂ ಬೇಕಿಲ್ಲ.

ಇನ್ನು ಮುಸುಕಿನ ವಿಷಯ. ಸತ್ತವನನ್ನೇ ಕೇಳಬಹುದಾದರೆ ಮೊದಲ ಅಧ್ಯಾಯಕ್ಕೇ ಕಥೆ ಮುಗಿಯಬೇಕು. ಅದನ್ನು ತಪ್ಪಿಸಲು ಕೊಲೆಗಾರನಿಗೆ ಮುಸುಕು ಹಾಕಿದ್ದೀರಿ. ಮೊದಲ ಸಲ ಸರಿ. ಐದನೇ ಹೆಣವೂ "ಮುಖ ಕಾಣಲಿಲ್ಲ" ಅಂದಾಗ ನಗು ಬಂತು. ಸತ್ತವರಿಗೆ ಗೊತ್ತಿಲ್ಲದಿರುವುದಕ್ಕೆ ಬೇರೆ ಎಷ್ಟೋ ಕಾರಣ ಇರುತ್ತದೆ. ವಿಷ ನಿಧಾನವಾಗಿ ಏರಿದರೆ ಸತ್ತವನು ಅದನ್ನು ಕಾಯಿಲೆ ಅಂದುಕೊಂಡೇ ಸತ್ತಿರುತ್ತಾನೆ. ಕೆಲವರು ತಪ್ಪು ವ್ಯಕ್ತಿಯ ಮೇಲೆ ಅನುಮಾನಪಟ್ಟುಕೊಂಡೇ ಕಣ್ಣು ಮುಚ್ಚುತ್ತಾರೆ. ಮಗನೇ ಕೊಂದಿದ್ದರೆ ತಾಯಿ ಸತ್ತ ಮೇಲೂ ಸುಳ್ಳು ಹೇಳಬಹುದು, ಅಲ್ವಾ?

ದೆವ್ವದ ಸಾಕ್ಷಿಯ ಬಗ್ಗೆ ನಿಜವಾಗಿ ನಡೆದ ಒಂದು ಪ್ರಕರಣ ಇದೆ. 1897ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಝೋನಾ ಎಂಬ ಯುವತಿ ಸತ್ತಳು. ಮೊದಲಿಗೆ ಅದನ್ನು ಸಹಜ ಸಾವು ಅಂತಲೇ ಬರೆದುಕೊಂಡರು. ಮಗಳು ರಾತ್ರಿ ಬಂದು, ಗಂಡ ಕುತ್ತಿಗೆ ಮುರಿದ ಅಂತ ಹೇಳಿದಳು ಎಂದು ತಾಯಿ ಪಟ್ಟು ಹಿಡಿದಳು. ಹೂತ ಹೆಣವನ್ನು ತೆಗೆದು ಪರೀಕ್ಷಿಸಿದರೆ ಕುತ್ತಿಗೆ ಮುರಿದಿತ್ತು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ದೆವ್ವದ ಮಾತೇ ಎತ್ತಲಿಲ್ಲ. ತಾಯಿಯನ್ನು ಗೇಲಿ ಮಾಡಲು ಆರೋಪಿಯ ವಕೀಲರೇ ಅದನ್ನು ಕೆದಕಿದರು, ಆಕೆ ಒಂದಿಷ್ಟೂ ಅಲುಗಾಡಲಿಲ್ಲ. ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು. ನೀವು ಗಮನಿಸಬೇಕಾದದ್ದು ಹೆಣ ತೆಗೆದ ಭಾಗವನ್ನು. ದೆವ್ವ ಹೇಳಿದ್ದು ಎಲ್ಲಿ ಅಗೆಯಬೇಕು ಅಂತ ಮಾತ್ರ. ಆಮೇಲೆ ಬೇಕಾದದ್ದು ಮುರಿದ ಮೂಳೆ. ನಿಮ್ಮ 36ನೇ ಅಧ್ಯಾಯದಲ್ಲಿ ಹೆಣ ಹೆಸರು ಹೇಳಿದ ಕೂಡಲೇ ಪೊಲೀಸರು ಬೇಡಿ ತರುತ್ತಾರೆ. ಯಾವ ಪೊಲೀಸರು ಸ್ವಾಮಿ?

ಹೆಣಗಳ ಬಗ್ಗೆ ಸ್ವಲ್ಪ ಜಾಸ್ತಿ ಓದಿಕೊಳ್ಳಿ. ಸತ್ತ 2ರಿಂದ 4 ಗಂಟೆಯೊಳಗೆ ಮೈ ಸೆಟೆಯಲು ಶುರುವಾಗುತ್ತದೆ. ಅದು ಮೊದಲು ಕಾಣುವ ಕಡೆಗಳಲ್ಲಿ ಕಣ್ಣುರೆಪ್ಪೆ, ದವಡೆ ಸೇರಿವೆ. ಸುಮಾರು 12 ಗಂಟೆಗೆ ಇಡೀ ಮೈ ಮರದಂತಾಗಿ, ಒಂದೆರಡು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ. ದವಡೆ ಬಿಗಿದ ಹೆಣ ಹೇಗೆ ಮಾತಾಡುತ್ತದೆ? ನಿಮ್ಮ ಮೂರು ರಾತ್ರಿಯ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದಂತಿದೆ: ಮೊದಲ ರಾತ್ರಿ ಅವಳು ದವಡೆ ಸಡಿಲವಾಗುವುದನ್ನು ಕಾಯುತ್ತಾ ಕೂರಬೇಕು, ಅಷ್ಟರಲ್ಲಿ ಕೊಲೆಗಾರ ತಪ್ಪಿಸಿಕೊಳ್ಳುತ್ತಿರುತ್ತಾನೆ. ಇನ್ನೊಂದು, ಸತ್ತ ಮೇಲೆ ರಕ್ತ ಮೈಯ ಕೆಳಭಾಗಕ್ಕೆ ಇಳಿದು ಕಲೆಗಟ್ಟುತ್ತದೆ. ಸಾಮಾನ್ಯವಾಗಿ 8ರಿಂದ 12 ಗಂಟೆಯಲ್ಲಿ ಆ ಕಲೆ ಗಟ್ಟಿಯಾಗಿ ನಿಲ್ಲುತ್ತದೆ. ಬೋರಲಾಗಿ ಸಿಕ್ಕ ಹೆಣದ ಬೆನ್ನಿನ ಮೇಲೆ ಕಲೆ ಇದ್ದರೆ ಯಾರೋ ಅದನ್ನು ಹೊರಳಿಸಿದ್ದಾರೆ ಅಂತಲೇ ಅರ್ಥ. ಸತ್ತವರ ಮಾತನ್ನೇ ನಂಬಿ ಅವರ ಬೆನ್ನು ನೋಡದೆ ಹೋಗುವ ನಾಯಕಿ, ಅದಕ್ಕಾಗಿ ಬೆಲೆ ತೆರುವ ನಾಯಕಿ ನನಗೆ ಬೇಕು.

ಹಳಬರು ಇಂಥದ್ದನ್ನೆಲ್ಲ ಯೋಚಿಸಿದ್ದರು. ಒಂದನೇ ಶತಮಾನದ ರೋಮನ್ ಕವಿ ಲೂಕನ್‌ನ ಕಾವ್ಯದಲ್ಲಿ ಎರಿಕ್ತೋ ಎಂಬ ಮಂತ್ರಗಾತಿ ಬರುತ್ತಾಳೆ. ಅವಳು ಯುದ್ಧದ ಹೆಣಗಳ ನಡುವೆ ಹುಡುಕಿ, ಶ್ವಾಸಕೋಶಕ್ಕೆ ಗಾಯವಾಗದ ಒಂದನ್ನೇ ಆರಿಸುತ್ತಾಳೆ. ಇಲ್ಲದಿದ್ದರೆ ದನಿ ಹೊರಡಬೇಕಲ್ಲ! ನಿಮ್ಮ ಒಂಬತ್ತನೇ ಅಧ್ಯಾಯದ ಹೆಣದ ಗಂಟಲು ಸೀಳಿದೆ, ಆದರೂ ಅದು ಎರಡೂವರೆ ಪುಟ ಭಾಷಣ ಬಿಗಿಯುತ್ತದೆ.

ಭಾಷಣ ಅಂದೆ. ನಿಮ್ಮ ಬದುಕಿರುವ ಪಾತ್ರಗಳು ಸೊಗಸಾಗಿ ಮಾತಾಡುತ್ತವೆ, ಸತ್ತ ಕೂಡಲೇ "ಎಲೈ ಮಾನವಳೇ" ಅನ್ನುತ್ತವೆ. ಯಾಕೆ? ಒಲೆಯ ಮುದುಕ ಹಾಗೆ ಮಾತಾಡಲಿಲ್ಲವಲ್ಲ.

ಈಗ ನಾಯಕಿ. ವೈತರಣಿ ಅಂತ ಹೆಸರಿಟ್ಟಿದ್ದೀರಿ. ಹುಟ್ಟಿದ ಮಗುವಿಗೆ ಯಾವ ತಾಯಿ ಆ ಹೆಸರಿಡುತ್ತಾಳೆ? ಒಂದು ಪುಟದಲ್ಲಿ ಅವಳನ್ನು ಮಾಟಗಾತಿ ಅನ್ನುತ್ತೀರಿ, ಇನ್ನೊಂದರಲ್ಲಿ ಪ್ರೇತಸಾಧಕಿ, ಮತ್ತೊಂದರಲ್ಲಿ ನೆಕ್ರೊಮ್ಯಾನ್ಸರ್. ಒಂದನ್ನು ಆರಿಸಿಕೊಳ್ಳಿ. ಮಾಟ ಅಂದರೆ ಇನ್ನೊಬ್ಬರಿಗೆ ಕೆಡುಕು ಮಾಡಿಸುವುದು ಅಂತಲೇ ಓದುಗನ ಮನಸ್ಸಿಗೆ ಬರುತ್ತದೆ, ಆ ಪದ ಬಿಟ್ಟುಬಿಡಿ. ನೆಕ್ರೊಮ್ಯಾನ್ಸಿ ಪದದ ಗ್ರೀಕ್ ಮೂಲ ನೋಡಿದರೆ ನೆಕ್ರೋಸ್ ಅಂದರೆ ಹೆಣ, ಮಾಂಟೆಯಾ ಅಂದರೆ ಕಣಿ. ಹೆಣದ ಕಣಿ! ಸತ್ತವರಿಂದ ಗೊತ್ತುಮಾಡಿಕೊಳ್ಳುವುದು ಅದರ ಮೂಲ ಅರ್ಥ. ಹೆಣಗಳ ದಂಡು ಕಟ್ಟುವುದೆಲ್ಲ ತೀರಾ ಈಚಿನದು.

ಇದನ್ನು ಹೇಳಲು ಕಾರಣ 33ನೇ ಅಧ್ಯಾಯ. ಅಲ್ಲಿ ಅವಳು ಇನ್ನೂರು ಹೆಣಗಳನ್ನು ಒಟ್ಟಿಗೆ ಎಬ್ಬಿಸಿ ಶತ್ರುಗಳ ಮೇಲೆ ಬಿಡುತ್ತಾಳೆ. ಜೊತೆಗಿನ ಕಾಗದದಲ್ಲಿ ನೀವು "ಗಟ್ಟಿಗಿತ್ತಿ ನಾಯಕಿ" ಅಂತ ಮೂರು ಸಲ ಬರೆದಿದ್ದೀರಿ. ಇಡೀ ಕಾದಂಬರಿಯಲ್ಲಿ ಅವಳು ಒಮ್ಮೆಯೂ ಸೋಲುವುದಿಲ್ಲ, ಒಮ್ಮೆಯೂ ತಪ್ಪುವುದಿಲ್ಲ, ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಎಲ್ಲರಿಗೂ ಖಾರವಾಗಿ ಎದುರುತ್ತರ ಕೊಡುತ್ತಾಳೆ. ಅವಳಿಗೆ ಏನಾಗಿಬಿಡುತ್ತದೋ ಅಂತ ನನಗೆ ಹೆದರಿಕೆಯೇ ಆಗಲಿಲ್ಲ, ಹಾಗಾಗಿ ಪ್ರೀತಿಯೂ ಹುಟ್ಟಲಿಲ್ಲ. ಹೀಗೆ ಬರೆದು ನೋಡಿ: ಉಳಿದಿರುವುದು ಒಂದೇ ಪ್ರಶ್ನೆ, ಅದನ್ನು ಕೇಳಿದರೆ ತಾಯಿಯ ದನಿಯೇ ಮರೆತುಹೋಗುತ್ತದೆ ಅಂತ ಅವಳಿಗೆ ಗೊತ್ತು. ಆದರೂ ಯಾವನೋ ಅಪರಿಚಿತನಿಗೆ ನ್ಯಾಯ ಸಿಗಲಿ ಅಂತ ಅವಳು ಬಾಯಿ ತೆರೆದರೆ, ಗಟ್ಟಿಗಿತ್ತಿ ಅನ್ನುವ ಪದವನ್ನು ನೀವು ಬರೆಯಬೇಕಾಗಿಯೇ ಇಲ್ಲ.

ಸಣ್ಣಪುಟ್ಟವು: ಪ್ರೇಮಕಥೆ ತೆಗೆಯಿರಿ, ಅದು ನಿಮಗೂ ಬೇಕಿದ್ದಂತೆ ಕಾಣುವುದಿಲ್ಲ. ಕೊಲೆ ಐದು ಬೇಡ, ಎರಡು ಸಾಕು. ಕಾಗುಣಿತ ಇನ್ನೊಮ್ಮೆ ನೋಡಿ.

ತಿದ್ದಲು ಆರು ತಿಂಗಳು ಹಿಡಿದರೂ ಪರವಾಗಿಲ್ಲ. 250 ಪುಟಕ್ಕೆ ಇಳಿಸಿ, ನನ್ನ ಹೆಸರಿಗೇ ಕಳಿಸಿ, ಮೊದಲಿನಿಂದ ಓದುತ್ತೇನೆ. ಏನು ಬೇಕಾದರೂ ಬದಲಿಸಿ, ಆ ಒಲೆಯ ಮಾತನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ