ವಿಟಮಿನ್ ಡಿ: ಪುಡಿಯೋ, ಕ್ಯಾಪ್ಸೂಲೋ?

ಪ್ರಶ್ನೆ: ನನಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡಗಳು ದುರ್ಬಲವಾಗಿದ್ದು, ಇಜಿಎಫ್‌ಆರ್ (ಮೂತ್ರಪಿಂಡಗಳು ರಕ್ತವನ್ನು ಸೋಸುವ ವೇಗದ ಅಂದಾಜು) 38 ಇದೆ. ರಕ್ತದಲ್ಲಿ ವಿಟಮಿನ್ ಡಿ 14 ನ್ಯಾನೋಗ್ರಾಂ ಎಂದು ಬಂದಿರುವುದರಿಂದ, ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಪುಡಿ ತೆಗೆದುಕೊಳ್ಳಲು ವೈದ್ಯರು ಬರೆದುಕೊಟ್ಟಿದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ನನ್ನ ಭಾವನವರು ‘ಕಿಡ್ನಿ ಕೆಟ್ಟವರಿಗೆ ಆ ಪುಡಿ ವ್ಯರ್ಥ, ನನ್ನಂತೆ ಕ್ಯಾಲ್ಸಿಟ್ರಿಯಾಲ್ ಕ್ಯಾಪ್ಸೂಲನ್ನೇ ಕೇಳು’ ಎನ್ನುತ್ತಾರೆ. ಯಾವುದು ಸರಿ? ಜೊತೆಗೆ ಕ್ಯಾಲ್ಸಿಯಂ ಮಾತ್ರೆಯೂ ಬೇಕೆ?

ಉತ್ತರ: ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಿಸಿಲಿನಿಂದಲೋ ಔಷಧದಿಂದಲೋ ದೊರೆತ ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ ಒಮ್ಮೆ ಬದಲಾಗಿ ದಾಸ್ತಾನು ರೂಪಕ್ಕೆ ಬರುತ್ತದೆ. ನಿಮ್ಮ ವರದಿಯಲ್ಲಿರುವ 14 ಈ ದಾಸ್ತಾನಿನ ಅಳತೆ. ಅದನ್ನು ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ರೂಪಕ್ಕೆ ತರುವುದು ಮುಖ್ಯವಾಗಿ ಮೂತ್ರಪಿಂಡದ ಕೆಲಸ. ಕಾಯಿಲೆ ಮುಂದುವರಿದಂತೆ ಈ ಕೊನೆಯ ಹಂತ ಕುಂಠಿತವಾಗುತ್ತದೆ. ಮೂತ್ರಪಿಂಡದ ಅಂಗಾಂಶ ಕಡಿಮೆಯಾಗುವುದು ಒಂದು ಕಾರಣವಾದರೆ, ರಂಜಕವನ್ನು (ಫಾಸ್ಫರಸ್) ಹೊರಹಾಕಲು ಮೂತ್ರಪಿಂಡ ಹೆಣಗತೊಡಗಿದಾಗ ಮೂಳೆಗಳು ಸ್ರವಿಸುವ ಎಫ್‌ಜಿಎಫ್-23 ಎಂಬ ಹಾರ್ಮೋನು ಕ್ಯಾಲ್ಸಿಟ್ರಿಯಾಲ್ ತಯಾರಿಕೆಯನ್ನೇ ತಗ್ಗಿಸುವುದು ಇನ್ನೊಂದು ಕಾರಣ. ಆದರೆ 38ರ ಮಟ್ಟದಲ್ಲಿ ಈ ಕೆಲಸ ನಿಧಾನವಾಗಿರುತ್ತದೆಯೇ ಹೊರತು ನಿಂತಿರುವುದಿಲ್ಲ. ದಾಸ್ತಾನೇ ಖಾಲಿಯಾದರೆ ಉಳಿದ ಶಕ್ತಿಯೂ ಉಪಯೋಗಕ್ಕೆ ಬಾರದು. ಮೂತ್ರದಲ್ಲಿ ಪ್ರೋಟೀನ್ ಸೋರುವವರಲ್ಲಂತೂ ವಿಟಮಿನ್ ಡಿಯನ್ನು ಹೊತ್ತೊಯ್ಯುವ ಪ್ರೋಟೀನಿನೊಂದಿಗೆ ಅದೂ ಹೊರಟುಹೋಗುತ್ತದೆ. ಆದ್ದರಿಂದ ನಿಮ್ಮ ವೈದ್ಯರು ಮೊದಲು ಕೊರತೆಯನ್ನು ತುಂಬಲು ಹೊರಟಿರುವುದು ಸರಿಯಾಗಿಯೇ ಇದೆ.

ಎರಡು ಔಷಧಗಳ ಪ್ರಮಾಣವನ್ನು ಗಮನಿಸಿ. 40 ಯೂನಿಟ್ ಎಂದರೆ 1 ಮೈಕ್ರೋಗ್ರಾಂ. ಅಂದರೆ ನಿಮ್ಮ ಒಂದು ಪೊಟ್ಟಣದಲ್ಲಿ 1,500 ಮೈಕ್ರೋಗ್ರಾಂ ವಿಟಮಿನ್ ಇದ್ದರೆ, ಕ್ಯಾಲ್ಸಿಟ್ರಿಯಾಲ್ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಇರುವುದು 0.25 ಮೈಕ್ರೋಗ್ರಾಂ ಮಾತ್ರ. ದಾಸ್ತಾನಿನಿಂದ ಎಷ್ಟನ್ನು ಸಕ್ರಿಯಗೊಳಿಸಬೇಕೆಂಬುದನ್ನು ಬಹುಮಟ್ಟಿಗೆ ದೇಹವೇ ನಿಯಂತ್ರಿಸುತ್ತದೆ. ಕ್ಯಾಲ್ಸಿಟ್ರಿಯಾಲ್ ಆ ನಿಯಂತ್ರಣವನ್ನು ದಾಟಿ, ಕರುಳಿನಿಂದ ಕ್ಯಾಲ್ಸಿಯಂ, ರಂಜಕ ಎರಡನ್ನೂ ನೇರವಾಗಿ ಹೀರಿಸುತ್ತದೆ. ಅವು ಮಿತಿಮೀರಿದರೆ ರಕ್ತನಾಳಗಳ ಗೋಡೆಗಳು ಗಡುಸಾಗುವ ಅಪಾಯವಿದೆ. ಸಕ್ರಿಯ ರೂಪ ಹೃದಯಕ್ಕೂ ಒಳ್ಳೆಯದೆಂಬ ಆಶೆ ಒಂದು ಕಾಲಕ್ಕೆ ಬಲವಾಗಿತ್ತು. ಆದರೆ 2012ರಲ್ಲಿ ಪ್ರಕಟವಾದ ಪ್ರಿಮೋ ಅಧ್ಯಯನದಲ್ಲಿ, ಪ್ಯಾರಿಕ್ಯಾಲ್ಸಿಟಾಲ್ ಎಂಬ ಇದೇ ವರ್ಗದ ಔಷಧವನ್ನು 48 ವಾರ ಕೊಟ್ಟರೂ ದೇಹಕ್ಕೆ ರಕ್ತವನ್ನು ತಳ್ಳುವ ಹೃದಯದ ಎಡಕುಹರದ ದಪ್ಪ ತಗ್ಗಲಿಲ್ಲ, ಬದಲಿಗೆ ರಕ್ತದ ಕ್ಯಾಲ್ಸಿಯಂ ಏರಿದವರ ಸಂಖ್ಯೆ ಹೆಚ್ಚಾಯಿತು. ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ಈ ಸಕ್ರಿಯ ರೂಪದ ಔಷಧಗಳನ್ನು ವಾಡಿಕೆಯಾಗಿ ಕೊಡಬಾರದು, ಮೂತ್ರಪಿಂಡ ಕಾಯಿಲೆಯ ಐದು ಹಂತಗಳಲ್ಲಿ ಕೊನೆಯ ಎರಡಾದ ನಾಲ್ಕು ಮತ್ತು ಐದನೆಯ ಹಂತಗಳಲ್ಲಿ, ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನು ತೀವ್ರವಾಗಿ ಏರುತ್ತಲೇ ಇರುವವರಿಗೆ ಮೀಸಲಿಡಬೇಕು ಎಂಬುದು ಮೂತ್ರಪಿಂಡ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಕೆಡಿಗೋದ 2017ರ ಮಾರ್ಗಸೂಚಿಯ ಸಲಹೆ. ನೀವಿರುವುದು ಮೂರನೆಯ ಹಂತದಲ್ಲಿ. ಭಾವನವರ ಸ್ಥಿತಿಯೇ ಬೇರೆ.

ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ಆರಂಭಿಸಬೇಡಿ. ‘ಮೂಳೆಯ ಬಲಕ್ಕೆ’ ಎಂದು ಮಾರುವ ಕೆಲವು ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಜೊತೆಗೆ ಕ್ಯಾಲ್ಸಿಟ್ರಿಯಾಲ್ ಕೂಡ ಇರುತ್ತದೆಯಾದ್ದರಿಂದ ಮಾತ್ರೆಯ ಪೊಟ್ಟಣದ ಮೇಲಿನ ವಿವರವನ್ನು ಓದಿ. ಕ್ಯಾಲ್ಸಿಯಂ, ರಂಜಕ, ಪ್ಯಾರಾಥೈರಾಯ್ಡ್ ಹಾರ್ಮೋನುಗಳ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಎಂಟು ವಾರ ಮುಗಿದ ಮೇಲೂ ಪುಡಿಯನ್ನು ಹಾಗೆಯೇ ಮುಂದುವರಿಸಬೇಡಿ, ಏಕೆಂದರೆ ದಾಸ್ತಾನು ರೂಪ ಅರ್ಧಕ್ಕಿಳಿಯಲು ಎರಡು ಮೂರು ವಾರ ಹಿಡಿಯುತ್ತದೆ, ಹೆಚ್ಚಾದದ್ದು ಬೇಗ ಕರಗುವುದಿಲ್ಲ. ನಡುವೆ ವಾಕರಿಕೆ, ವಿಪರೀತ ಬಾಯಾರಿಕೆ, ಮಲಬದ್ಧತೆ ಅಥವಾ ಮಂಕುತನ ಕಾಣಿಸಿದರೆ ಪುಡಿಯನ್ನು ನಿಲ್ಲಿಸಿ, ಅಂದೇ ವೈದ್ಯರನ್ನು ಕಂಡು ರಕ್ತದ ಕ್ಯಾಲ್ಸಿಯಂ ನೋಡಿಸಿ.