17ನೇ ಸ್ಲೈಡ್

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆದಿದ್ದೇನೆ.)

ಆಪ್ತಸಲಹೆಗೆ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ಹೆಂಡತಿ. "ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೀತಾರೆ ಮೇಡಂ. ಆಮೇಲೆ ಎದೆ ಉರಿ ಅಂತ ಬೆಳಗಿನ ತನಕ ಜಗಲಿಯಲ್ಲಿ ನಡೀತಾರೆ" ಅಂದರು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತವರು ಕರಾವಳಿಯ ಒಂದು ಹಳೇ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸಭಾಪಾಲಕರು (ಪಾದ್ರಿ). ನಲವತ್ತರ ಆಸುಪಾಸು. ಸಭೆಯವರು ಕರೆಯುವ ಹಾಗೆ ನಾನೂ ಅಯ್ಯನವರು ಅಂತಲೇ ಕರೆಯುತ್ತೇನೆ. ಶರ್ಟಿನ ಜೇಬಿನಲ್ಲಿ ಆಸಿಡಿಟಿ ಮಾತ್ರೆಯ ಸ್ಟ್ರಿಪ್ ಇಣುಕುತ್ತಿತ್ತು.

ಎದೆ ಉರಿ ಅಂದವರ ಹತ್ತಿರ ನಾನು ಮೊದಲು ಕೇಳುವುದು ಇಸಿಜಿ ಮಾಡಿಸಿದ್ರಾ ಅಂತ. ಮಾಡಿಸಿರಲಿಲ್ಲ. ಅವತ್ತು ಮಾತು ಅಷ್ಟಕ್ಕೇ ನಿಲ್ಲಿಸಿ ಡಾಕ್ಟರ ಹತ್ತಿರ ಕಳಿಸಿದೆ. ಮುಂದಿನ ವಾರ ರಿಪೋರ್ಟ್ ಹಿಡಿದುಕೊಂಡು ಬಂದರು. ಹೃದಯ ಸರಿ ಇತ್ತು, ಸರಿ ಇಲ್ಲದ್ದು ಕಮಿಟಿ.

ಆಗಿದ್ದು ಇಷ್ಟು. ಅಯ್ಯನವರು ಯಾವುದೋ ತರಬೇತಿಗೆ ಹೋಗಿದ್ದರು. ವಿಷನ್, ಮಿಷನ್, ಸ್ವಾಟ್, ಗುರಿ, ಗಡುವು ಎಲ್ಲ ಕಲಿತು ಬಂದರು. ಎರಡು ತಿಂಗಳು ನಿದ್ದೆಗೆಟ್ಟು ಸಭೆಗೆ ಐದು ವರ್ಷದ ಯೋಜನೆ ಮಾಡಿದರು. 42 ಸ್ಲೈಡ್. ನನಗೂ ತೋರಿಸಿದರು. ಸುಮ್ನೆ ಹೊಗಳುತ್ತಿಲ್ಲ, ನಿಜಕ್ಕೂ ಒಳ್ಳೇ ಕೆಲಸ. ಯುವಜನರಿಗೆ ಗಿಟಾರು, ಕೀಬೋರ್ಡು ಇರುವ ಎರಡನೇ ಆರಾಧನೆ. ಅದಕ್ಕಾಗಿ ಈಗಿನ ಒಂಬತ್ತೂವರೆಯ ಆರಾಧನೆ ಎಂಟು ಗಂಟೆಗೆ. ಸಂಜೆ ಮಕ್ಕಳಿಗೆ ಟ್ಯೂಷನ್. ಲೆಕ್ಕಪತ್ರ ಕಂಪ್ಯೂಟರಿಗೆ.

ಕಮಿಟಿ ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಹಚ್ಚಿ ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಗಲಾಟೆ. ಎಂಟು ಗಂಟೆಗೆ ಯಾರು ಬರುತ್ತಾರೆ, ದೂರದವರಿಗೆ ಬಸ್ ಇದೆಯಾ, ಅಡುಗೆ ಯಾರು ಮಾಡುತ್ತಾರೆ ಅಂತ. ಎಪ್ಪತ್ತೆಂಟು ವರ್ಷದ ಒಬ್ಬ ಹಿರಿಯರು, ಊರಿಗೆಲ್ಲ ಅಂಕಲ್, ಎದ್ದು ಹೊರಗೆ ಹೋದರು. ಅವರ ಹಿಂದೆ ಇನ್ನಿಬ್ಬರು. ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದದ್ದು: "ಆರಾಧನೆಯ ಸಮಯದ ಕುರಿತು ಭಿನ್ನಾಭಿಪ್ರಾಯ."

ಆರಾಧನೆ ಮುಗಿದ ಮೇಲೆ ಅಯ್ಯನವರು ಮುಖ್ಯ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುವುದು ವಾಡಿಕೆ. ಮುಂದಿನ ಭಾನುವಾರದಿಂದ ನಾಲ್ಕು ಮನೆಯವರು ಪಕ್ಕದ ಬಾಗಿಲಿಂದ ಹೊರಟರು. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. 42 ಸ್ಲೈಡ್ ಬಿದ್ದುಹೋದದ್ದಕ್ಕಿಂತ ಆ ಪಕ್ಕದ ಬಾಗಿಲು ಅವರನ್ನು ಜಾಸ್ತಿ ಸುಟ್ಟಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅಂಕಲ್‌ಗೆ ಒಂದು ಪತ್ರ ಬರೆಯಿರಿ, ನಿಮ್ಮ ಮನಸ್ಸಲ್ಲಿರುವುದನ್ನು ಮೆತ್ತಗೆ ಹೇಳಿ ಅಂದೆ. ಬರೆದರು. ಅಂಕಲ್ ಆ ಪತ್ರವನ್ನು ಮುಂದಿನ ಕಮಿಟಿಯಲ್ಲಿ ಗಟ್ಟಿಯಾಗಿ ಓದಿಸಿದರು. ನಾಲ್ಕು ಮನೆ ಹೋಗಿ ಏಳಾಯಿತು. ಕಾಗದ, ಲೆಟರ್‌ಹೆಡ್, ಸಹಿ ಅಂದರೆ ಸಭೆಯಲ್ಲಿ ಅದು ದಾಖಲೆ. ಮನೆಗೆ ಹೋಗಿ ಚಹಾ ಕುಡಿಯಿರಿ ಅನ್ನಬೇಕಿತ್ತು. ನಾನೂ ಇದೇ ಸಮುದಾಯದಲ್ಲಿ ಬೆಳೆದವಳು, ಇದು ನನಗೆ ಹೊಳೆಯಬೇಕಿತ್ತು.

ಮೂರನೇ ಭೇಟಿಯಲ್ಲಿ ಗಂಟು ಬಿಚ್ಚಿದವರು ಅಮ್ಮ, ಅಂದರೆ ಅಯ್ಯನವರ ಹೆಂಡತಿ. ಮೊದಲ ದಿನ ಬಿಟ್ಟರೆ ಅಲ್ಲಿಯವರೆಗೆ ಹೊರಗೆ ಕೂರುತ್ತಿದ್ದರು. ಅವತ್ತು ಒಳಗೆ ಕರೆದೆ. "ಅದು ಟೈಮಿನ ಜಗಳ ಅಲ್ಲ ಮೇಡಂ" ಅಂದರು. "ಹೆಂಗಸರ ಅನ್ಯೋನ್ಯ ಕೂಟದಲ್ಲಿ ಯಾರೂ ಎಂಟು ಗಂಟೆ ಅನ್ನೋದೇ ಇಲ್ಲ. ಎಲ್ಲರೂ ಕೇಳೋದು ಸಮಾಧಿಯ ವಿಷಯ."

ಅಯ್ಯನವರಿಗೆ ಅರ್ಥವೇ ಆಗಲಿಲ್ಲ. ಸ್ಲೈಡ್ ತೆಗೆಯಿರಿ ಅಂದೆ. 17ನೆಯದು ಸಮಾಧಿ ಸ್ಥಳದ್ದು. ಜಾಗ ತುಂಬಿಹೋಗಿದೆ, ಇಪ್ಪತ್ತು ವರ್ಷ ಮೀರಿದ, ಯಾರೂ ನೋಡಿಕೊಳ್ಳದ ಸಮಾಧಿಗಳನ್ನು ಮರುಬಳಕೆ ಮಾಡುವುದು. ಒಂದೇ ಸಾಲು. ತೋರಿಸಲು ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಜಾಗದ ತೊಂದರೆ ಹೊಸದೇನಲ್ಲ, ಹಳೇ ಗುಂಡಿ ತೆಗೆದು ಅದೇ ಮನೆಯವರನ್ನು ಮಣ್ಣು ಮಾಡುವುದು ಎಷ್ಟೋ ಕಡೆ ಇದೆ. ಆದರೆ "ಮರುಬಳಕೆ" ಅನ್ನುವ ಮಾತು ನೋಡಿ. ಪ್ಲಾಸ್ಟಿಕ್ ಬಾಟಲಿಗೆ ಹೇಳುವ ಮಾತು.

ಇದು ಯಾಕೆ ಅಷ್ಟು ನೋಯಿಸಿತು ಅನ್ನಲು ಸ್ವಲ್ಪ ಹಿಂದೆ ಹೋಗಬೇಕು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು, ಅವರಲ್ಲಿ ಜರ್ಮನರೇ ಹೆಚ್ಚು, ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಕಾಲದಲ್ಲಿ ಕ್ರೈಸ್ತರಾಗಿ ಸಭೆ ಸೇರಿದವರಲ್ಲಿ ಎಷ್ಟೋ ಜನರಿಗೆ ಕುಟುಂಬದ ಮನೆ ತಪ್ಪಿತು, ಗದ್ದೆ ತಪ್ಪಿತು, ನೆಂಟರು ತಪ್ಪಿದರು. ಮಿಷನ್ನು ಅವರಿಗೆ ನೇಯ್ಗೆ ಕೆಲಸ ಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ತುಳುನಾಡಿನಲ್ಲಿ ಉಳಿದವರಲ್ಲಿ ಎಷ್ಟೋ ಜನ ವರ್ಷಕ್ಕೊಮ್ಮೆ ಕುಟುಂಬದ ಮನೆಗೆ ಹೋಗಿ ಸೇರುತ್ತಾರೆ. ನಮ್ಮವರಿಗೆ ಹೋಗಲು ಅಂಥ ಮನೆ ಇಲ್ಲ. ಇರುವುದು ಸಮಾಧಿ ಸ್ಥಳ. ನನ್ನ ಅಜ್ಜಿ ಅಲ್ಲಿಗೆ ಹೋಗುವಾಗ "ಮನೆಗೆ ಹೋಗಿ ಬರ್ತೇನೆ" ಅನ್ನುತ್ತಿದ್ದದ್ದು ನನಗೆ ಅವತ್ತು ಥಟ್ಟನೆ ನೆನಪಾಯಿತು.

"ಹಾಗಾದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ?" ಅಂತ ಅಯ್ಯನವರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಸತ್ತವರ ಬಗ್ಗೆ ಕಮಿಟಿಯಲ್ಲಿ ಅಳಲು ಆಗುವುದಿಲ್ಲ. ಬಸ್ಸಿನ ಟೈಮಿನ ಬಗ್ಗೆ ಜಗಳ ಆಡಬಹುದು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಅವರಿಗೆ ಹಿಡಿಸಲಿಲ್ಲ. ಮೂರು ತಿಂಗಳು ಲ್ಯಾಪ್‌ಟಾಪ್ ಮುಚ್ಚಿಡಿ ಅಂದೆ. ಮೂರು ತಿಂಗಳು ಹೋದರೆ ಕೈಯಲ್ಲಿ ಏನು ಉಳಿಯುತ್ತದೆ ಮೇಡಂ ಅಂದರು. ಆಗ ಗೊತ್ತಾಯಿತು: ಯೋಜನೆ ಐದು ವರ್ಷದ್ದು, ಅವರ ವರ್ಗಾವಣೆಗೆ ಉಳಿದದ್ದು ಎರಡೇ ವರ್ಷ. ಬಿಟ್ಟು ಹೋಗುವವರು ಮಾಡಿದ ಯೋಜನೆ, ಉಳಿಯುವವರ ತಲೆ ಮೇಲೆ. ಅಂಕಲ್ ಇಂಥ ಎಷ್ಟು ಅಯ್ಯನವರನ್ನು ಕಂಡಿಲ್ಲ! ಒಬ್ಬರು ಬಾವಿ ತೋಡಿಸಲು ಹೊರಟರು, ಇನ್ನೊಬ್ಬರು ಹಾಲ್ ಕಟ್ಟಲು. ಅರ್ಧ ಗೋಡೆ ಇವತ್ತಿಗೂ ಹಾಗೇ ನಿಂತಿದೆಯಂತೆ.

ಗೋಡೆಯ ಮಾತು ಬಂದಾಗ ಅಯ್ಯನವರೇ ಬೈಬಲಿನ ನೆಹೆಮೀಯನ ಹೆಸರು ತೆಗೆದರು, ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಿಸಿದವನು. ಯೋಜನೆ ಮಂಡಿಸುವ ಮೊದಲು ಮೂರು ಭಾನುವಾರ ಅದನ್ನೇ ಪ್ರಸಂಗ ಮಾಡಿದ್ದರಂತೆ. ಎರಡನೇ ಅಧ್ಯಾಯ ಓದಿ ಅಂದೆ. ಯೆರೂಸಲೇಮಿಗೆ ಬಂದ ನೆಹೆಮೀಯ ಮೂರು ದಿನ ಸುಮ್ಮನಿರುತ್ತಾನೆ. ಆಮೇಲೆ ರಾತ್ರಿ ಎದ್ದು, ಕೆಲವೇ ಜನರನ್ನು ಕರೆದುಕೊಂಡು, ಬಿದ್ದ ಗೋಡೆಯ ಸುತ್ತ ಹೋಗಿ ನೋಡುತ್ತಾನೆ. ಯಾರಿಗೂ ಏನೂ ಹೇಳುವುದಿಲ್ಲ. "ಕಟ್ಟೋಣ" ಅನ್ನುವ ಮಾತು ಬರುವುದು ಅದಾದ ಮೇಲೆ, ಕಟ್ಟುವ ಕೆಲಸ ಮೂರನೇ ಅಧ್ಯಾಯದಲ್ಲಿ. "ನಾನು ನೇರ ಮೂರನೇ ಅಧ್ಯಾಯಕ್ಕೆ ಹೋಗಿಬಿಟ್ಟೆ" ಅಂತ ಅಯ್ಯನವರು ನಕ್ಕರು. ನನ್ನ ಕೋಣೆಯಲ್ಲಿ ಅವರು ನಕ್ಕದ್ದು ಅದೇ ಮೊದಲು.

ಎದ್ದುಹೋದ ಮನೆಗಳಿಗೆ ಮೊದಲು ಹೋಗಲು ಹೇಳಿದೆ. ಬೈಬಲ್ ಇರಲಿ, ಫೈಲ್ ಬೇಡ. ಯೋಜನೆಯ ಮಾತು ಅವರೇ ತೆಗೆದರೂ ಸಮರ್ಥಿಸಬಾರದು. ಒಂದೇ ಪ್ರಶ್ನೆ ಕೇಳುವುದು: ಈ ಸಭೆಯಲ್ಲಿ ಯಾವುದು ಹೋದರೆ ನಿಮಗೆ ತಡೆಯಲು ಆಗುವುದಿಲ್ಲ? ಬಂದ ಉತ್ತರಗಳನ್ನು ಮನೆಗೆ ಬಂದ ಮೇಲೆ ಬರೆದಿಡುವುದು. ಜೊತೆಗೆ ಸೋಮವಾರ ಪೂರ್ತಿ ರಜೆ, ರಾತ್ರಿ ಒಂಬತ್ತರ ಮೇಲೆ ಫೋನು ಅಮ್ಮನ ಹತ್ತಿರ. ಇವೆರಡನ್ನು ಒಪ್ಪಿಸಲು ಮಿಕ್ಕಿದ್ದೆಲ್ಲದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

ಅಂಕಲ್ ಮನೆಗೆ ಕೊನೆಗೆ ಹೋದರು. ಪ್ರಶ್ನೆ ಕೇಳುವ ಮೊದಲೇ ಅವರು ಅಂದರಂತೆ, "ಎಂಥ ಯೋಜನೆ ಅಯ್ಯನವರೇ? ನಾಳೆ ನನ್ನನ್ನು ಎಲ್ಲಿ ಇಡ್ತೀರಿ ಅಂತ ಹೇಳಿ, ಸಾಕು." ಅವರ ತಾಯಿಯ ಸಮಾಧಿಗೆ ಕಲ್ಲು ಇಲ್ಲ. ಆಗ ದುಡ್ಡಿರಲಿಲ್ಲ. ಸ್ಲೈಡಿನ ಪ್ರಕಾರ ಅದು "ಯಾರೂ ನೋಡಿಕೊಳ್ಳದ" ಸಮಾಧಿ.

17ನೇ ಸ್ಲೈಡನ್ನು ಯೋಜನೆಯಿಂದ ತೆಗೆದು ಬೇರೆ ಇಡಿ, ಮರುಬಳಕೆ ಅನ್ನುವ ಮೊದಲು ಯಾರು ಎಲ್ಲಿದ್ದಾರೆ ಅಂತ ಗುರುತು ಮಾಡಿ ಅಂದೆ. ಶನಿವಾರ ಬೆಳಗ್ಗೆ ಯುವಜನರು ಮೊಬೈಲ್ ಹಿಡಿದುಕೊಂಡು, ಹಿರಿಯರು ಕೊಡೆ ಹಿಡಿದುಕೊಂಡು ಬಂದರು. ಒಂದು ದಿನ ನಾನೂ ಹೋಗಿದ್ದೆ. ಕೆಂಪುಕಲ್ಲಿನ ಕಟ್ಟೆಗಳ ಮೇಲೆ ಪಾಚಿ. ಅಂಕಲ್ ಕುಕ್ಕರಗಾಲಲ್ಲಿ ಕೂತು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು, ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನೀರು ಹೊಯ್ಯುತ್ತಿದ್ದಳು. ಒಂದೊಂದೇ ಅಕ್ಷರ ಎದ್ದು ಬರುತ್ತಿತ್ತು. ಸವೆದ ಅಕ್ಷರ ಅವಳಿಗೆ ಓದಲು ಬರಲಿಲ್ಲ, ಕಣ್ಣು ಮಂಜಾಗಿ ಅಂಕಲ್‌ಗೂ ಆಗಲಿಲ್ಲ. ಅವಳು ಫೋಟೋ ತೆಗೆದು ಹಿಗ್ಗಿಸಿ ತೋರಿಸಿದಳು. "ಹೋ, ಇದು ನಮ್ಮ ಹೆಂಚಿನ ಮೇಸ್ತ್ರಿ ಮಾರಾಯ್ತಿ!" ಅಂದರು. ಇದೇ ಹುಡುಗಿ ಗಿಟಾರ್ ಬೇಕು ಅಂತ ಅರ್ಜಿ ಕೊಟ್ಟವಳು ಅಂತ ಆಮೇಲೆ ಗೊತ್ತಾಯಿತು.

ಇದಾದ ಮೇಲಷ್ಟೇ ಕಮಿಟಿಯ ಜೊತೆ ನಾನು ಅರ್ಧ ದಿನ ಕೂತದ್ದು. ಪ್ರೊಜೆಕ್ಟರ್ ಇಲ್ಲ. ಗೋಡೆಗೆ ಉದ್ದ ಕಾಗದ ಅಂಟಿಸಿ, ಈ ಸಭೆ ಇಲ್ಲಿಯವರೆಗೆ ಏನೇನು ಬದಲಾವಣೆ ಕಂಡಿದೆ, ಬರೆಯಿರಿ ಅಂದೆ. 1914ರ ಯುದ್ಧ ಬಂದು ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಯಿತು, ಸಭೆ ನಡೆಸಲು ಊರಿನವರೇ ನಿಂತರು. ಅದನ್ನು ಒಬ್ಬರು ಅಜ್ಜನಿಂದ ಕೇಳಿದ್ದರು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿದ್ದು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಒಂದೇ ಪಾತ್ರೆ ಬಿಟ್ಟು ಸಣ್ಣ ಲೋಟ ಬಂದದ್ದು. ಅದಕ್ಕೆ ಎರಡು ವರ್ಷ ಜಗಳ ಆಗಿತ್ತಂತೆ, ಜಗಳ ಆಡಿದವರೇ ಹೇಳಿ ನಕ್ಕರು. 2020ರಲ್ಲಿ ಲಾಕ್‌ಡೌನ್, ಯೂಟ್ಯೂಬಿನಲ್ಲಿ ಆರಾಧನೆ. ಕಾಗದ ಸಾಲಲಿಲ್ಲ, ಇನ್ನೊಂದು ಅಂಟಿಸಿದೆವು. ಪ್ರತಿಯೊಂದರ ಕೆಳಗೆ ಆಗ ಏನು ಕಳೆದುಕೊಂಡೆವು, ಯಾರು ದಾಟಿಸಿದರು ಅಂತ ಬರೆಸಿದೆ. "ದಾಟಿಸಿದವರು" ಅನ್ನುವ ಕಡೆ ಅಯ್ಯನವರುಗಳ ಹೆಸರು ಕಡಿಮೆ ಇತ್ತು. ನಮ್ಮ ಅಯ್ಯನವರು ಅದನ್ನು ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು.

ಮಧ್ಯಾಹ್ನ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆಗೆದೆವು, ಯೆರೂಸಲೇಮಿನ ಮೊದಲ ಸಭೆಯ ಕಥೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಅಂತ ಗ್ರೀಕ್ ಮಾತಾಡುವವರು ಗೊಣಗುತ್ತಾರೆ. ಆಗ ಏಳು ಜನರನ್ನು ಆರಿಸುತ್ತಾರೆ. ಆ ಏಳೂ ಹೆಸರು ಗ್ರೀಕ್ ಹೆಸರು. ಅಂದರೆ ದೂರು ಕೊಟ್ಟ ಗುಂಪಿನ ಕೈಗೇ ಕೆಲಸ ಕೊಟ್ಟ ಹಾಗೆ ಕಾಣುತ್ತದೆ. ಇಷ್ಟು ಹೇಳಿ ನಾನು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಖಜಾಂಚಿ, "ಹಾಗಾದ್ರೆ ಸಮಾಧಿ ಸ್ಥಳದ ಉಪಸಮಿತಿಗೆ ಅಂಕಲ್ ಇರಲಿ, ಆ ಹುಡುಗಿಯೂ ಇರಲಿ" ಅಂದರು.

ಯೋಜನೆಗೆ ಏನಾಯಿತು? 42 ಸ್ಲೈಡಿನಲ್ಲಿ ಉಳಿದದ್ದು ಮೂರು ಕೆಲಸ. ಪ್ರತಿಯೊಂದರ ಎದುರು ಊರಲ್ಲೇ ಉಳಿಯುವ ಇಬ್ಬರ ಹೆಸರು. ಅಯ್ಯನವರ ಹೆಸರು ಎಲ್ಲೂ ಇಲ್ಲ. ಎರಡನೇ ಆರಾಧನೆಯನ್ನು ಎಂಟು ಭಾನುವಾರ ಮಾತ್ರ ಮಾಡಿ ನೋಡುವುದು, ಒಂಬತ್ತನೆಯ ವಾರ ನಿಲ್ಲಿಸಿ ಕೂತು ಮಾತಾಡುವುದು ಅಂತ ಬರೆದುಕೊಂಡರು. ಒಂಬತ್ತೂವರೆಯ ಆರಾಧನೆ ಇದ್ದಲ್ಲೇ ಇತ್ತು, ಹೊಸದು ಸಂಜೆಗೆ ಹೋಯಿತು. ವಾರವಾರ ಎಷ್ಟು ಜನ, ಯಾವ ವಯಸ್ಸಿನವರು ಅಂತ ಒಬ್ಬ ಹುಡುಗ ಕಾರ್ಡಿನಲ್ಲಿ ಎಣಿಸಿದ. ನಿರೀಕ್ಷೆಯಷ್ಟು ಜನ ಬರಲಿಲ್ಲ. ಈಗ ತಿಂಗಳಿಗೊಮ್ಮೆ ಮಾಡುತ್ತಾರೆ. ಯುವಜನರಲ್ಲಿ ಕೆಲವರಿಗೆ ಇದು ಸೋಲು ಅಂತ ಬೇಜಾರಿದೆ, ಒಬ್ಬಿಬ್ಬರು ಬೇರೆ ಸಭೆಗೆ ಹೋಗಲು ಶುರು ಮಾಡಿದ್ದಾರೆ. ಪಕ್ಕದ ಬಾಗಿಲಿಂದ ಈಗಲೂ ಎರಡು ಮನೆಯವರು ಹೋಗುತ್ತಾರೆ.

ಅಯ್ಯನವರು ಕೊನೆಯ ಸಲ ಬಂದಾಗ ವರ್ಗಾವಣೆಯ ಆದೇಶ ಕೈಗೆ ಬಂದಿತ್ತು, ಅಂದುಕೊಂಡದ್ದಕ್ಕಿಂತ ಒಂದು ವರ್ಷ ಮೊದಲೇ. ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಇನ್ನೂ ಇತ್ತು. "ಹೊಸ ಊರಲ್ಲಿ ಮೊದಲ ಆರು ತಿಂಗಳು ಏನೂ ಮಾಡಲ್ಲ ಮೇಡಂ" ಅಂದರು. ಅಮ್ಮ ಮುಖ ಆಚೆ ತಿರುಗಿಸಿ, "ಆರು ವಾರ ಕೂತ್ರೆ ಸಾಕು" ಅಂದರು.

ಮೊನ್ನೆ ಆ ಸಭೆಯ ಕಾರ್ಯದರ್ಶಿ ಫೋನ್ ಮಾಡಿದ್ದರು. ಮೇ ತಿಂಗಳಲ್ಲಿ ಹೊಸ ಅಯ್ಯನವರು ಬರುತ್ತಾರಂತೆ. "ಅವರೂ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ರೆ ಎಂಥ ಮಾಡುದು ಮೇಡಂ?" ಅಂತ ಕೇಳಿದರು. ಸಮಾಧಿ ಸ್ಥಳದ ಕೆಲಸ ಇನ್ನೂ ಮುಗಿದಿಲ್ಲ ಅಲ್ವಾ ಅಂದೆ. ಇಲ್ಲ, ಹಿಂದಿನ ಎರಡು ಸಾಲು ಬಾಕಿ ಉಂಟು ಅಂದರು. ಹಾಗಾದರೆ ಮೊದಲನೇ ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಕೈಗೆ ಒಂದು ಹಿಡಿ ತೆಂಗಿನ ನಾರು ಕೊಡಿ ಅಂದೆ.