ಮೈಸೂರು ರಾಜವಂಶದವರು ತುಮಕೂರಿನಿಂದ ಲೋಕಸಭೆಗೆ ನಿಲ್ಲಬಹುದೇ?

ಧಾರಾಳವಾಗಿ ನಿಲ್ಲಬಹುದು. 1971ರ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ (ಹಳೆಯ ರಾಜರಿಗೆ ಸರ್ಕಾರ ಕೊಡುತ್ತಿದ್ದ ಹಣ) ರಾಜರೆಂಬ ಮಾನ್ಯತೆಯನ್ನೂ ತೆಗೆದುಹಾಕಿತು; ಕಾನೂನಿನ ಕಣ್ಣಿಗೆ ಅವರೂ ಬರೀ ಮತದಾರರು. ವಯಸ್ಸು 25 ತುಂಬಿರಬೇಕು, ದೇಶದ ಯಾವುದಾದರೂ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರಬೇಕು.

ಎಡವಟ್ಟಾಗುವುದು ಕಾಗದಪತ್ರದಲ್ಲೇ. ಮತ ಮೈಸೂರಿನಲ್ಲಿದ್ದರೆ ಅಲ್ಲಿನ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಬೇಕು. ಪರಿಶೀಲನೆ ವೇಳೆಗೂ ಅದು ಕೈಗೆ ಸಿಗದಿದ್ದರೆ ನಾಮಪತ್ರ ತಿರಸ್ಕೃತ. ನಮೂನೆ 2ಎ, ಅಂದರೆ ನಾಮಪತ್ರದ ಜತೆ, ಆಸ್ತಿ, ಸಾಲ, ಕೇಸುಗಳ ವಿವರವಿರುವ ನಮೂನೆ 26ರ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ, ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. ಅರಮನೆ, ಒಡವೆ, ಕೋರ್ಟು ವ್ಯಾಜ್ಯ ಇರುವ ಮನೆತನಕ್ಕೆ ಇದೇ ತಲೆನೋವಿನ ಕೆಲಸ. ಠೇವಣಿ ಸಾಮಾನ್ಯ ವರ್ಗಕ್ಕೆ 25,000 ರೂ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವವರು) ಸಾಕು, ಪಕ್ಷೇತರರಿಗೆ 10 ಮಂದಿ. ಸೂಚಕರೆಲ್ಲರೂ ತುಮಕೂರು ಕ್ಷೇತ್ರದ ಮತದಾರರೇ ಆಗಿರಬೇಕು.

ಆದರೆ ವಂಶದ ಹೆಸರು ಮೈಸೂರಿನಲ್ಲೇ ಎಲ್ಲ ಸಲ ದಡ ಸೇರಿಸಿಲ್ಲ. ಶ್ರೀಕಂಠದತ್ತ ಒಡೆಯರ್ ಕಾಂಗ್ರೆಸ್ಸಿನಿಂದ ನಾಲ್ಕು ಸಲ ಗೆದ್ದರು; 1991ರಲ್ಲಿ ಬಿಜೆಪಿಯಿಂದ ನಿಂತು ಸೋತರು, 2004ರಲ್ಲಿ ಕಾಂಗ್ರೆಸ್ಸಿನಿಂದಲೇ ಸೋತರು. ಅದೇ ಮನೆತನದ ಯದುವೀರ್ 2024ರಲ್ಲಿ ಗೆದ್ದದ್ದೂ ಮೈಸೂರು-ಕೊಡಗಿನಲ್ಲೇ. ತುಮಕೂರಿನ ಲೆಕ್ಕವೇ ಬೇರೆ: ಇಲ್ಲಿ ಮೊದಲು ಕೇಳುವುದು ಹೇಮಾವತಿ ನೀರಿನ ಮಾತು.